ಲವ್ ಮಿ ಟುನೈಟ್ (1932): ಒಬ್ಬ ದರ್ಜಿ ಹಾಡು ಅರಮನೆ ತನಕ ಹೋದ ಸಿನಿಮಾ, ಯಾರಾದ್ರೂ ನೋಡಿದೀರಾ?

ಕಾಜಾ_ಗುಂಡಿ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಿದ್ದಾಗ ಓದಿ. ಹಳೇ ಹಾಲಿವುಡ್ ಮ್ಯೂಸಿಕಲ್ ಅಂದ್ರೆ ನಮ್ಮಲ್ಲಿ ಮಾತು ಶುರುವಾಗೋದು ಸೌಂಡ್ ಆಫ್ ಮ್ಯೂಸಿಕ್‌ನಿಂದ, ಇನ್ನೂ ಹಿಂದಕ್ಕೆ ಹೋದ್ರೆ ಮಳೇಲಿ ಛತ್ರಿ ಹಿಡ್ಕೊಂಡು ಕುಣಿಯೋ ಜೀನ್ ಕೆಲ್ಲಿ, ಅಲ್ಲಿಗೆ ನಿಂತೋಗತ್ತೆ. ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 1932ರಲ್ಲಿ ಪ್ಯಾರಾಮೌಂಟ್‌ನವ್ರು ಮಾಡಿದ 'ಲವ್ ಮಿ ಟುನೈಟ್' ಅಂತ ಒಂದು ಸಿನಿಮಾ ಇದೆ. ಡೈರೆಕ್ಟರ್ ರೂಬೆನ್ ಮಮೂಲಿಯನ್, ಹೀರೋ ಮಾರಿಸ್ ಶೆವಾಲಿಯೇ, ಹೀರೋಯಿನ್ ಜೆನೆಟ್ ಮ್ಯಾಕ್‌ಡೊನಾಲ್ಡ್, ಹಾಡುಗಳು ರಿಚರ್ಡ್ ರಾಜರ್ಸ್ ಮತ್ತು ಲೊರೆನ್ಜ್ ಹಾರ್ಟ್ ಅವ್ರದ್ದು. ಸ್ನೇಹಿತರೊಬ್ರು ಡಿವಿಡಿ ಕೊಟ್ಟು ನೋಡು ಅಂದಿದ್ರು, ಎರಡು ತಿಂಗಳು ಹಾಗೇ ಇಟ್ಕೊಂಡಿದ್ದೆ, ಹೋದ ವಾರ ಹಾಕ್ದೆ, ಆಮೇಲೆ ಮೂರು ಸಲ ನೋಡಿದೀನಿ.

ಕಥೆ ಹೇಳ್ಬಿಡ್ತೀನಿ, ಕಥೆ ಗೊತ್ತಾದ್ರೆ ಹಾಳಾಗೋ ಸಿನಿಮಾ ಅಲ್ಲ ಇದು. ಪ್ಯಾರಿಸ್‌ನಲ್ಲಿ ಮಾರಿಸ್ ಅಂತ ಒಬ್ಬ ಟೈಲರ್. ಒಬ್ಬ ಶ್ರೀಮಂತ ಮನೆತನದವನು, ವೈಕೌಂಟ್ ಗಿಲ್ಬರ್ಟ್, ಇವನ ಹತ್ರ ರಾಶಿ ಸೂಟು ಹೊಲಿಸ್ಕೊಂಡು ದುಡ್ಡು ಕೊಡದೆ ಅರಮನೆಗೆ ಹೊರಟೋಗ್ತಾನೆ. ಇವನ ಮಾತು ನಂಬಿ ಶರ್ಟು, ಬೂಟು, ಟೋಪಿ ಮಾಡ್ಕೊಟ್ಟ ಅಕ್ಕಪಕ್ಕದ ಅಂಗಡಿಯವ್ರ ದುಡ್ಡೂ ಮುಳುಗಿರತ್ತೆ. ಸರಿ, ಎಲ್ರ ಪರವಾಗಿ ವಸೂಲಿ ಮಾಡ್ಕೊಂಡ್ಬರ್ತೀನಿ ಅಂತ ಮಾರಿಸ್ ಅರಮನೆಗೆ ಹೊರಡ್ತಾನೆ. ಅಲ್ಲಿ ದೊಡ್ಡಪ್ಪ ಡ್ಯೂಕ್‌ಗೆ ಹೆದರಿ ಗಿಲ್ಬರ್ಟ್ ಇವನನ್ನ 'ಬ್ಯಾರನ್' ಅಂತ ಪರಿಚಯ ಮಾಡಿಸ್ಬಿಡ್ತಾನೆ. ಆ ಮನೇಲಿ ಒಬ್ಬ ರಾಜಕುಮಾರಿ, ಚಿಕ್ಕ ವಯಸ್ಸಲ್ಲೇ ಮುದುಕನಿಗೆ ಕೊಟ್ಟು ಮದುವೆ ಮಾಡಿ, ಅವನು ಸತ್ತು, ವಿಧವೆಯಾಗಿ ಕೂತವಳು. ಮುಂದೇನಾಗತ್ತೆ ಅಂತ ನಿಮಗೇ ಗೊತ್ತಾಗತ್ತೆ.

ಆದ್ರೆ ನಾನು ಹೇಳ್ಬೇಕು ಅಂತ ಕೂತಿದ್ದು ಕಥೆ ಅಲ್ಲ, ಒಂದು ಹಾಡು. ನಮ್ಮಪ್ಪ ದಾವಣಗೆರೇಲಿ ನಲವತ್ತು ವರ್ಷ ಟೈಲರಿಂಗ್ ಮಾಡಿದವ್ರು. ಸಿನಿಮಾಗಳಲ್ಲಿ ಟೈಲರ್ ಬಂದ್ರೆ ಒಂದೋ ಕಾಮಿಡಿ ಪಾತ್ರ, ಇಲ್ಲಾಂದ್ರೆ ಕುತ್ತಿಗೇಲಿ ಟೇಪು ಹಾಕ್ಕೊಂಡು ಹಿಂದುಗಡೆ ಓಡಾಡ್ತಿರ್ತಾನೆ, ಅಷ್ಟೆ. ಇಲ್ಲಿ ಟೈಲರ್‌ರೇ ಹೀರೋ. ಮಾರಿಸ್ ಅಂಗಡೀಲಿ ನಿಂತು 'ಈಸಂಟ್ ಇಟ್ ರೊಮ್ಯಾಂಟಿಕ್' ಅಂತ ಶುರು ಮಾಡ್ತಾನಲ್ಲ, ಹೊಲಿಗೆ ಅಂದ್ರೆ ನನಗೆ ಕಾವ್ಯ, ನನ್ನ ಸೂಜಿನೇ ಪ್ರೇಮಕ್ಕೆ ತಾಳ ಹಾಕತ್ತೆ ಅನ್ನೋ ಅರ್ಥದಲ್ಲಿ ಹಾಡ್ತಾನೆ. ಸೂಟ್ ಹಾಕ್ಕೊಂಡ ಗಿರಾಕಿ ಅದನ್ನ ಗುನುಗ್ತಾ ಬೀದಿಗೆ ಇಳೀತಾನೆ, ಟ್ಯಾಕ್ಸಿಯವನ ಕಿವಿಗೆ ಬೀಳತ್ತೆ, ಟ್ಯಾಕ್ಸಿ ಹತ್ತಿದವನು ಸಂಗೀತಗಾರ, ಅವನು ಸ್ವರ ಬರ್ಕೋತಾನೆ, ರೈಲಲ್ಲಿ ಅವನು ಹಾಡಿದ್ದನ್ನ ಸೈನಿಕರು ಕೇಳಿಸ್ಕೋತಾರೆ, ಅವ್ರು ಅದನ್ನೇ ಹಾಡ್ಕೊಂಡು ಬಯಲಲ್ಲಿ ಮಾರ್ಚ್ ಮಾಡ್ತಾರೆ, ಅಲ್ಲೊಬ್ಬ ಜಿಪ್ಸಿ ಹುಡುಗ ಅದನ್ನ ತನ್ನ ಗುಂಪಿಗೆ ತಗೊಂಡೋಗಿ ಪಿಟೀಲಲ್ಲಿ ನುಡಿಸ್ತಾನೆ, ಆ ಪಿಟೀಲು ರಾತ್ರಿ ಅರಮನೆ ಉಪ್ಪರಿಗೇಲಿ ನಿಂತ ರಾಜಕುಮಾರಿಗೆ ಕೇಳ್ಸತ್ತೆ, ಅವಳೂ ಹಾಡ್ತಾಳೆ. ಇಬ್ರೂ ಇನ್ನೂ ಒಬ್ರ ಮುಖ ಒಬ್ರು ನೋಡೇ ಇಲ್ಲ! ಒಂದೇ ದಾರ ಅಷ್ಟು ಜನರ ಮೂಲಕ ಹಾದು ಬಂದು ಇಬ್ರನ್ನ ಸೇರಿಸಿ ಹೊಲಿದಂಗಿದೆ. ನಾನು ಅಲ್ಲಿ ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನೋಡಿದವ್ರಿದ್ರೆ ದಯವಿಟ್ಟು ಬರೀರಿ.

ಶ್ರುತಿಪೆಟ್ಟಿಗೆ:
ಅಯ್ಯೋ ಈ ಸಿನಿಮಾ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಬರೀತಾರೆ ಅಂತ ಅನ್ಕೊಂಡೇ ಇರ್ಲಿಲ್ಲ, ತುಂಬಾ ಖುಷಿ ಆಯ್ತು. ನೀವು ಹೇಳಿದ ಹಾಡನ್ನ ಇನ್ನೊಂದ್ಸಲ ಕಿವಿ ಕೊಟ್ಟು ಕೇಳಿ. ಧಾಟಿ ಒಂದೇ, ಆದ್ರೆ ಅಂಗಡೀಲಿ ಅದು ಹಗುರವಾದ ಗುನುಗು, ಸೈನಿಕರ ಬಾಯಲ್ಲಿ ಕಾಲು ಕುಟ್ಟೋ ಮಾರ್ಚ್, ಜಿಪ್ಸಿಗಳ ಹತ್ರ ಎಳೆದೆಳೆದು ನುಡಿಸೋ ಪಿಟೀಲು, ರಾಜಕುಮಾರಿ ಹತ್ರ ಆಪೆರಾ ಗಾಯನ. ನಮ್ಮಲ್ಲಿ ಒಂದೇ ಪಲ್ಲವಿನ ಬೇರೆ ಬೇರೆ ನಡೇಲಿ ಹಾಡಿ ತೋರಿಸ್ತಾರಲ್ಲ, ಆ ಸುಖ ಇದೆ ಅದ್ರಲ್ಲಿ. ಸಾಹಿತ್ಯನೂ ಹಾಡೋರಿಗೆ ತಕ್ಕಂಗೆ ಬದಲಾಗ್ತಾ ಹೋಗತ್ತೆ, ಅದು ಹಾರ್ಟ್ ಅವ್ರ ಕೈಚಳಕ. ಆಮೇಲೆ ಜಾಜ್‌ನವ್ರು ಈ ಹಾಡನ್ನ ಎಷ್ಟು ನುಡಿಸಿದಾರೆ ಅಂದ್ರೆ, ಹಾಡು ಗೊತ್ತಿರೋರಲ್ಲಿ ಮುಕ್ಕಾಲು ಜನಕ್ಕೆ ಇದು ಒಬ್ಬ ಟೈಲರ್ ಹಾಡು ಅಂತಾನೇ ಗೊತ್ತಿಲ್ಲ.

'ಲವರ್' ಅನ್ನೋ ಹಾಡೂ ಇದೇ ಸಿನಿಮಾದ್ದು. 1952ರಲ್ಲಿ ಪೆಗ್ಗಿ ಲೀ ಹಾಡಿ ದೊಡ್ಡ ಹಿಟ್ ಆಯ್ತಲ್ಲ, ಅದೇ. ಇಲ್ಲಿ ರಾಜಕುಮಾರಿ ಕುದುರೆ ಗಾಡಿ ಓಡಿಸ್ಕೊಂಡು ಹಾಡ್ತಾಳೆ, ಅರ್ಧ ಸಾಲು ಪ್ರಿಯಕರನಿಗೆ, ಅರ್ಧ ಸಾಲು ಕುದುರೆಗೆ. ಗಂಭೀರವಾಗಿ ವಿರಹ ಹಾಡ್ತಾ ಮಧ್ಯದಲ್ಲಿ ಕುದುರೆನ ನಿಲ್ಸೋಕೆ ಕೂಗ್ತಾಳೆ. ಅಷ್ಟು ಒಳ್ಳೆ ಕಂಠ ಇಟ್ಕೊಂಡು ಆಕೆ ಹಾಸ್ಯಕ್ಕೆ ಒಪ್ಕೊಂಡಿದ್ದಾಳಲ್ಲ, ಅದಕ್ಕೇ ಜೆನೆಟ್ ನನಗೆ ಇಷ್ಟ. ಮುಂದೆ ನೆಲ್ಸನ್ ಎಡ್ಡಿ ಜೊತೆ ಮಾಡಿದ ಸಿನಿಮಾಗಳಲ್ಲಿ ಹೆಸರು ಜಾಸ್ತಿ ಬಂತು, ಆದ್ರೆ ಈ ತುಂಟತನ ಅಲ್ಲಿ ಕಮ್ಮಿ ಆಯ್ತು ಅನ್ಸತ್ತೆ ನನಗೆ.

ಇನ್ನೊಂದು, ರಾಜರ್ಸ್ ಬಗ್ಗೆ. ಹಾರ್ಟ್ 1943ರಲ್ಲಿ ತೀರಿಕೊಂಡ್ರು, ಬರೀ 48 ವರ್ಷ. ಅದೇ ವರ್ಷ ರಾಜರ್ಸ್, ಹ್ಯಾಮರ್‌ಸ್ಟೈನ್ ಅನ್ನೋ ಇನ್ನೊಬ್ಬ ಹಾಡು ಬರೆಯೋರ ಜೊತೆ ಸೇರಿ 'ಒಕ್ಲಹೋಮಾ' ನಾಟಕ ಮಾಡಿದ್ರು, ಬ್ರಾಡ್‌ವೇನಲ್ಲಿ ಅದನ್ನ ನಿರ್ದೇಶಿಸಿದ್ದು ಇದೇ ಮಮೂಲಿಯನ್. ಅಲ್ಲಿಂದ ಮುಂದೆ ಬಂದ್ರೆ ನೀವು ಮೊದಲು ಹೇಳಿದ ಸೌಂಡ್ ಆಫ್ ಮ್ಯೂಸಿಕ್. ಆ ಟ್ಯೂನುಗಳೂ ರಾಜರ್ಸ್‌ದೇ.

ಹುಬ್ಬಳ್ಳಿ_ಗಾಡಿ:
ಸರ, ನಿಮ್ಮ ಪೋಸ್ಟ್ ಓದಿ ನಿನ್ನೆ ರಾತ್ರಿ ಕುಂತು ನೋಡಿದೆ. ಹಾಡು ಗೀಡು ಆಮ್ಯಾಲ ಮಾತಾಡೋಣ, ನನಗ ಎದಿಗೆ ನಾಟಿದ್ದು ಆ ಉದ್ರಿ ವಿಷಯ. ನಮ್ಮದು ಬಟ್ಟಿ ಅಂಗಡಿ, ನಮ್ಮಜ್ಜನ ಕಾಲದ ಉದ್ರಿ ವಹಿ ಇನ್ನೂ ಮನ್ಯಾಗ ಅದ. ದೊಡ್ಡ ಮನಿತನದವರ ಹೆಸರೇ ಜಾಸ್ತಿ ಅದ್ರಾಗ! ಬಡವರು ಸಂತಿ ದಿನ ಬಂದು ಎಂಟಾಣೆ ಆದ್ರೂ ಕೊಟ್ಟು ಹೋಗತಿದ್ರಂತ, ವಾಡೇದವರ ಮನಿಗೆ ಹೋಗಿ ಕೇಳಾಕ ಮಾತ್ರ ಅಜ್ಜಗ ಧೈರ್ಯ ಬರತಿರಲಿಲ್ಲಂತ. ಈ ಮಾರಿಸ್ ನೆಟ್ಟಗ ಅರಮನಿಗೇ ಹೋಗ್ತಾನಲ್ರಿ ಬಿಲ್ ತಗೊಂಡು, ಅದನ್ನ ನೋಡಿ ನಮ್ಮಜ್ಜ ನೆನಪಾದ್ರು.

ಮತ್ತ ಆ ಗಿಲ್ಬರ್ಟ್ ಪಾತ್ರ ಮಾಡಿದ ಚಾರ್ಲಿ ರಗಲ್ಸ್, ಏನ್ ಮಜಾ ಮಾಡ್ಯಾನ. ಶುರುವಿನಾಗ ಒಳ ಅಂಗಿ ಮ್ಯಾಲೇ ಬೀದ್ಯಾಗ ಓಡಿ ಬರ್ತಾನ, ಓಟದ ಸ್ಪರ್ಧೆ ನಡದಿರ್ತದ, ಅದರಾಗ ಸೇರ್ಕೊಂಡು ಟೈಲರ್ ಅಂಗಡಿ ಹೊಕ್ಕ್ ಬಿಡ್ತಾನ. ನಕ್ಕು ನಕ್ಕು ಸಾಕಾತು.

ಸುಮ್ನೆ_ಒಂದ್_ಮಾತು:
ನಾನು ಕಾಲೇಜಲ್ಲಿದ್ದಾಗ ನೋಡಿದ್ದೆ, ಈಗ ನಿಮ್ಮಿಂದಾಗಿ ಮತ್ತೆ ನೋಡ್ದೆ. ಯಾರೂ ಮಿರ್ನಾ ಲಾಯ್ ಹೆಸರೇ ಎತ್ತಿಲ್ವಲ್ಲ, ಅದಕ್ಕೆ ಬರೀತಿದೀನಿ. ಅರಮನೇಲಿ ವ್ಯಾಲೆಂಟೀನ್ ಅನ್ನೋ ಹುಡುಗಿ ಪಾತ್ರ ಅವಳದ್ದು, ಇಡೀ ಮನೆ ನಿದ್ದೆ ಮಾಡ್ತಿದ್ರೆ ಇವಳೊಬ್ಳೇ ಬದುಕಿರೋ ಥರ. ರಾಜಕುಮಾರಿ ಮೂರ್ಛೆ ಹೋಗಿರ್ತಾಳೆ, ಗಿಲ್ಬರ್ಟ್ ಓಡಿಬಂದು ಡಾಕ್ಟರ್‌ನ ಕರ್ಕೊಂಡ್ಬರ್ತೀಯಾ ಅಂತ ಕೇಳ್ತಾನೆ. ಇಂಗ್ಲಿಷಲ್ಲಿ ಅದೇ ಮಾತಿಗೆ 'ಡಾಕ್ಟರ್ ಆದ್ರೆ ನಿನಗೆ ಇಷ್ಟ ಆಗ್ತಾನಾ' ಅಂತಾನೂ ಅರ್ಥ ಬರತ್ತೆ, ಇವಳು ಆ ಎರಡನೇ ಅರ್ಥ ಹಿಡ್ಕೊಂಡು ಓ ಧಾರಾಳವಾಗಿ, ಒಳಗೆ ಕಳ್ಸು ಅಂತಾಳೆ. ಎಷ್ಟು ಸಲೀಸಾಗಿ ಹೇಳ್ತಾಳೆ ಗೊತ್ತಾ, ಕಣ್ಣೂ ಮಿಟುಕಿಸಲ್ಲ. ಆ ಕಾಲದಲ್ಲಿ ಅವಳಿಗೆ ಸಿಗ್ತಾ ಇದ್ದಿದ್ದೆಲ್ಲ ನಿಗೂಢ ಪೂರ್ವದೇಶದ ಹೆಣ್ಣು, ಮೋಹಿನಿ, ಇಂಥ ಪಾತ್ರಗಳೇ, ಅದೇ 1932ರಲ್ಲಿ ಫು ಮಾಂಚು ಸಿನಿಮಾದಲ್ಲಿ ಅಂಥದ್ದೇ ಒಂದು ಮಾಡಿದಾಳೆ. ಅವಳಿಗೆ ಹಾಸ್ಯ ಇಷ್ಟು ಚೆನ್ನಾಗಿ ಬರತ್ತೆ ಅನ್ನೋದು ಇಲ್ಲೇ ಎದ್ದು ಕಾಣತ್ತೆ, ಹಾಸ್ಯಕ್ಕೆ ಅವಳಿಗೆ ಹೆಸರು ತಂದ 'ದ ಥಿನ್ ಮ್ಯಾನ್' ಬಂದಿದ್ದು ಇನ್ನೂ ಎರಡು ವರ್ಷ ಆದ್ಮೇಲೆ.

ಬೇಜಾರಿನ ವಿಷಯ ಅಂದ್ರೆ ಅವಳ ಒಂದು ತುಣುಕು ಇವತ್ತು ಇಲ್ಲ. ಮಾರಿಸ್ ರಾಜಕುಮಾರಿಗೆ ಹಾಡಿದ 'ಮಿಮಿ' ಹಾಡನ್ನ ಬೆಳಿಗ್ಗೆ ಎದ್ದು ಮನೆಯವ್ರೆಲ್ಲ ಒಬ್ಬೊಬ್ರಾಗಿ ಹಾಡ್ತಾರಲ್ಲ, ಅದ್ರಲ್ಲಿ ಅವಳೂ ಹಾಡಿದ್ಲು, ನೈಟ್‌ಗೌನ್ ತೆಳು ಅಂತ ಕಿತ್ತಾಕಿದ್ರು. 1934ರಿಂದ ಹಾಲಿವುಡ್‌ನಲ್ಲಿ ಸೆನ್ಸಾರ್ ಕೋಡ್ ಬಿಗಿಯಾಯ್ತು, ಅದಾದ್ಮೇಲೆ ಹಳೇ ಸಿನಿಮಾ ಮತ್ತೆ ಬಿಡುಗಡೆ ಮಾಡ್ಬೇಕಂದ್ರೆ ಕತ್ತರಿ ಹಾಕ್ಲೇಬೇಕಿತ್ತು. ಕತ್ತರಿಸಿದ ಆ ನಿಮಿಷಗಳು ಇವತ್ತಿನವರೆಗೂ ಸಿಕ್ಕಿಲ್ಲ. ಒಂದು ಕಾಪಿನೂ ಹಾಗೇ ಉಳಿಸ್ದೆ ಕತ್ತರಿಸ್ಬಿಟ್ರಲ್ಲ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಲೆಗ್_ಗಲ್ಲಿ:
ಸಿನಿಮಾ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ, ಆದ್ರೆ ಆ ಡ್ಯೂಕ್ ಪಾತ್ರ ಮಾಡಿರೋ ಮುದುಕಪ್ಪ ಯಾರು ಅಂತ ಗೊತ್ತಾ ನಿಮಗೆಲ್ಲ? ಸಿ. ಆಬ್ರೆ ಸ್ಮಿತ್. ಇಂಗ್ಲೆಂಡ್ ಟೆಸ್ಟ್ ಕ್ಯಾಪ್ಟನ್! 1889ರ ಮಾರ್ಚಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಆಡಿದ್ರು. ಅವ್ರು ಆಡಿದ್ದೇ ಆ ಒಂದು ಟೆಸ್ಟ್, ಅದರಲ್ಲೇ ಕ್ಯಾಪ್ಟನ್, ಮೊದಲ ಇನ್ನಿಂಗ್ಸಲ್ಲಿ 19 ರನ್‌ಗೆ 5 ವಿಕೆಟ್, ಮ್ಯಾಚೂ ಗೆದ್ರು. ಓಡಿ ಬರೋ ರೀತಿ ಸುತ್ತು ಬಳಸಿ ಇರ್ತಿತ್ತು ಅಂತ 'ರೌಂಡ್ ದ ಕಾರ್ನರ್ ಸ್ಮಿತ್' ಅಂತಾನೇ ಅಡ್ಡಹೆಸರು. ಸಸೆಕ್ಸ್‌ಗೂ ಕ್ಯಾಪ್ಟನ್ ಆಗಿದ್ರು. ಆಮೇಲೆ ನಾಟಕ, ಅಲ್ಲಿಂದ ಹಾಲಿವುಡ್, ಈ ಸಿನಿಮಾ ಬಂದ 1932ರಲ್ಲೇ ಅಲ್ಲಿ ಹಾಲಿವುಡ್ ಕ್ರಿಕೆಟ್ ಕ್ಲಬ್ ಶುರು ಮಾಡಿದ್ರು. ಫ್ರಾಂಕನ್‌ಸ್ಟೈನ್ ಭೂತ ಆಗಿದ್ದ ಬೋರಿಸ್ ಕಾರ್ಲಾಫ್ ಕೂಡ ಆ ಕ್ಲಬ್ಬಿಗೆ ಆಡಿದೋರು. ಕ್ಯಾಲಿಫೋರ್ನಿಯಾ ಬಿಸಿಲಲ್ಲಿ ಬಿಳಿ ಪ್ಯಾಂಟ್ ಹಾಕ್ಕೊಂಡು!

ಹುಬ್ಬಳ್ಳಿ_ಗಾಡಿ:
ಏನ್ರಿ ಇದು! ಆ ದಪ್ಪ ಹುಬ್ಬಿನ ಡ್ಯೂಕ್ 'ಮಿಮಿ' ಹಾಡ್ತಾನಲ್ಲ, ಅವ್ರಾ? ಟೆಸ್ಟ್ ಕ್ಯಾಪ್ಟನ್ ಅಂದ್ರ ನಂಬಾಕ ಆಗವಲ್ದು. ಅಷ್ಟು ಗತ್ತಿನ ಮನಶಾ ಹಂಗ ಕೂಸಿನಗತೆ ಖುಷಿಯಿಂದ ಹಾಡೋದು ನೋಡಿ ನನಗ ಭಾಳ ಚಂದ ಅನಿಸಿತ್ತು.

ಕಡಲ_ಕರೆ:
ಹಾಡಿನ ವಿಷಯ ಎಲ್ಲ ಹೇಳಿದ್ರಿ, ಆದ್ರೆ ಸಿನಿಮಾ ಶುರು ಆಗುದು ಹೇಗೆ ಅಂತ ಯಾರೂ ಹೇಳ್ಲಿಲ್ಲ ಮಾರಾಯ್ರೆ. ನನಗೆ ಎಲ್ಲಕ್ಕಿಂತ ಇಷ್ಟ ಅದು. ಬೆಳಗಿನ ಜಾವ, ಪ್ಯಾರಿಸ್ ರಸ್ತೆ ಖಾಲಿ, ಒಂದು ಗಂಟೆ ಹೊಡಿತದೆ. ಒಬ್ಬ ಬಂದು ಪಿಕಾಸಿಯಲ್ಲಿ ರಸ್ತೆ ಅಗಿತಾನೆ, ಠಪ್. ಮೂಲೆಯಲ್ಲಿ ಮಲಗಿದವನ ಗೊರಕೆ. ಒಬ್ಬಳು ಕಸಬರಿಕೆ ಹಿಡಿದು ಗುಡಿಸ್ತಾಳೆ. ಚಪ್ಪಲಿ ಹೊಲಿಯುವವರು ಕೂತು ಮೊಳೆ ಹೊಡಿತಾರೆ, ಮಗು ಅಳ್ತದೆ, ಕತ್ತಿ ಸಾಣೆ ಹಿಡಿಯುವ ಶಬ್ದ, ಕಿಟಕಿಯಿಂದ ಯಾರೋ ಜಮಖಾನ ಕೊಡವಿ ಬಡಿತಾರೆ, ಒಂದೊಂದೇ ಸೇರಿ ಸೇರಿ ಸೇರಿ ಕೊನೆಗೆ ಇಡೀ ಊರೇ ಒಂದು ತಾಳದಲ್ಲಿ ಕುಣಿದ ಹಾಗೆ ಆಗ್ತದೆ. ನಮ್ಮ ಕಡೆ ಯಕ್ಷಗಾನ ಶುರು ಆಗುವ ಮೊದ್ಲು ಚೆಂಡೆಯ ಪೆಟ್ಟು ಏರ್ತಾ ಹೋಗುದು ಉಂಟಲ್ಲ, ಎದೆಯೊಳಗೆ ಏನೋ ಆಗ್ತದಲ್ಲ, ಹಾಗೇ ಆಯ್ತು ನನಗೆ.

ಮಮೂಲಿಯನ್ ಇದನ್ನು ಮೊದ್ಲು 1927ರಲ್ಲಿ ನ್ಯೂಯಾರ್ಕಿನಲ್ಲಿ 'ಪೋರ್ಗಿ' ಅಂತ ನಾಟಕ ಮಾಡಿದಾಗ ರಂಗದ ಮೇಲೆ ಮಾಡಿದ್ದು. ಅವ್ರು ಹುಟ್ಟಿದ್ದು ಟಿಫ್ಲಿಸ್, ಅಂದ್ರೆ ಈಗಿನ ಜಾರ್ಜಿಯಾದ ಟ್ಬಿಲಿಸಿ, ಅರ್ಮೇನಿಯನ್ ಕುಟುಂಬ. ಶಬ್ದದ ಬಗ್ಗೆ ಅವರಿಗೆ ಮೊದ್ಲಿಂದ್ಲೂ ಹಠ. 1929ರಲ್ಲಿ 'ಅಪ್ಲಾಸ್' ಮಾಡುವಾಗ ಒಂದೇ ದೃಶ್ಯಕ್ಕೆ ಎರಡು ಮೈಕ್ ಇಟ್ಟು ಎರಡು ಬೇರೆ ಬೇರೆ ದನಿ ತೆಗೆದು ಸೇರಿಸಿದ್ರು, ಆಗ ಎಲ್ಲರೂ ಆಗ್ಲಿಕ್ಕಿಲ್ಲ ಅಂದಿದ್ರು. ಟಾಕಿ ಬಂದ ಹೊಸತರಲ್ಲಿ ಕ್ಯಾಮೆರಾವನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟು, ನಟರನ್ನು ಮೈಕಿನ ಹತ್ತಿರ ಕೂರಿಸಿ ಮಾತಾಡಿಸ್ತಿದ್ದ ಕಾಲ ಅಲ್ವಾ ಅದು. ಆಲೋಚನೆ ಮಾಡಿ, ನಮ್ಮ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ಬಂದದ್ದೇ 1934ರಲ್ಲಿ.

ಕಾಜಾ_ಗುಂಡಿ:
@ಕಡಲ_ಕರೆ ನಿಜ, ಅದನ್ನ ಬಿಟ್ಬಿಟ್ಟಿದ್ದೆ. ಅಷ್ಟೆಲ್ಲ ಶಬ್ದ ಕೇಳಿ ಮಾರಿಸ್ ಕಿಟಕಿ ಮುಚ್ಚಿ, ಪ್ಯಾರಿಸ್ ಹಾಡು ನನಗೆ ಜೋರಾಯ್ತು ಅಂತಾನೆ, ಆಮೇಲೆ ತಾನೇ ಹಾಡ್ತಾನೆ. ಶೆವಾಲಿಯೇ ನಿಜವಾಗ್ಲೂ ಪ್ಯಾರಿಸ್‌ನ ಬಡ ಬೀದಿಯಿಂದಾನೇ ಬಂದವ್ರು, ಮೆನಿಲ್‌ಮೊಂತಾಂ ಅನ್ನೋ ಕಡೆಯಿಂದ. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸೆರೆ ಸಿಕ್ಕಿ, ಅಲ್ಲಿದ್ದ ಇಂಗ್ಲಿಷ್ ಕೈದಿಗಳ ಹತ್ರ ಇಂಗ್ಲಿಷ್ ಕಲ್ತಿದ್ದಂತೆ. ಅವ್ರು ಬೀದಿ ದಾಟ್ತಾ ಸಿಕ್ಕ ಸಿಕ್ಕೋರಿಗೆಲ್ಲ ನಮಸ್ಕಾರ ಹೇಳ್ಕೊಂಡು ಹೋಗೋ ರೀತಿ ನೋಡಿ, ಆ ಬೀದಿಯವ್ರೇ ಅನ್ಸತ್ತೆ.

ಅರ್ಧ_ಟಿಕೆಟ್:
ಎಲ್ರೂ ಹೊಗಳ್ತಿದೀರಾ, ನಾನು ಒಂದು ತಕರಾರು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಶೆವಾಲಿಯೇ ತುಟಿ ಮುಂದೆ ಮಾಡಿ ಕ್ಯಾಮೆರಾಗೇ ನೇರ ನೋಡಿ ನಗೋದು ನನಗೆ ಸ್ವಲ್ಪ ಹೊತ್ತಾದ್ಮೇಲೆ ಅತಿ ಅನ್ಸ್ತು. ಮೊದಲ ಭೇಟೀಲೇ, ಗಾಡಿಯಿಂದ ಬಿದ್ದ ಹುಡುಗಿ, ಹೆಸರು ಜೆನೆಟ್ ಅಂತ ಹೇಳಿದ್ರೂ 'ಮಿಮಿ' ಅಂತ ತಾನೇ ಹೆಸರಿಟ್ಟು ಹಾಡೋದು, ಬೇಡ ಅಂದ್ರೂ ಬಿಡದೇ ಇರೋದು. ಇನ್ನು ಆ ಅಪಾಶ್ ಹಾಡು, ಪ್ಯಾರಿಸ್ ರೌಡಿ ಬಗ್ಗೆ, ಗೋಡೆ ಮೇಲೆ ದೊಡ್ಡ ನೆರಳು ಬಿಟ್ಟು ತೆಗೆದಿರೋದು ನೋಡೋಕೆ ಅದ್ಭುತ, ಆದ್ರೆ ಹೆಂಗಸಿಗೆ ಹೊಡೆಯೋದನ್ನ ತಮಾಷೆ ಮಾಡೋ ಸಾಹಿತ್ಯ ಅದು, ನನಗೆ ಕೂತು ಕೇಳೋಕಾಗ್ಲಿಲ್ಲ.

ಸುಮ್ನೆ_ಒಂದ್_ಮಾತು:
@ಅರ್ಧ_ಟಿಕೆಟ್ ಅಪಾಶ್ ಹಾಡಿನ ಬಗ್ಗೆ ನಿಮ್ಮ ಮಾತು ಪೂರ್ತಿ ಒಪ್ತೀನಿ, ನಾನೂ ಅದನ್ನ ಓಡಿಸ್ಬಿಡ್ತೀನಿ. ಆದ್ರೆ ಇಡೀ ಸಿನಿಮಾ ಹೆಣ್ಣಿನ ಪರವಾಗಿಲ್ಲ ಅಂತ ಮಾತ್ರ ಅನ್ನೋಕಾಗಲ್ಲ. ರಾಜಕುಮಾರಿ ಸದಾ ಮೂರ್ಛೆ ಹೋಗ್ತಿರ್ತಾಳೆ ಅಂತ ಡಾಕ್ಟರ್ ಬಂದು ನೋಡ್ತಾನೆ, ಕಾಯಿಲೆ ಏನಿಲ್ಲ, ಈ ಮನೇಲಿ ಈ ಹುಡುಗಿ ಜೀವನ ಸುಮ್ನೆ ವ್ಯರ್ಥ ಆಗ್ತಿದೆ ಅನ್ನೋ ಅರ್ಥದಲ್ಲಿ ಹೇಳ್ತಾನೆ. 1932ರಲ್ಲಿ, ಒಬ್ಬ ಎಳೇ ವಿಧವೆಗೆ ಆಸೆ ಇರತ್ತೆ, ಅದು ತಪ್ಪಲ್ಲ ಅಂತ ಒಂದು ಕಾಮಿಡಿ ಸಿನಿಮಾ ನೇರವಾಗಿ ಹೇಳಿತ್ತು. ನಮ್ಮ ಅಜ್ಜಿ ಹದಿನೆಂಟಕ್ಕೆ ವಿಧವೆ ಆದವ್ರು, ಅವ್ರಿಗೆ ಯಾರೂ ಹಾಗೆ ಹೇಳ್ಲಿಲ್ಲ. ಆ ದೃಶ್ಯದಲ್ಲಿ ಎಲ್ರೂ ನಗ್ತಾರೆ, ನನಗೆ ಗಂಟಲು ಕಟ್ಟತ್ತೆ.

ಮತ್ತೆ ಕ್ಲೈಮ್ಯಾಕ್ಸ್! ಅವನು ದರ್ಜಿ ಅಂತ ಗೊತ್ತಾಗಿ ರೈಲು ಹತ್ತಿ ಹೋಗ್ಬಿಡ್ತಾನೆ. ಅವನನ್ನ ಹುಡುಕ್ಕೊಂಡು ಹೋಗೋದು ಯಾರು? ಅವಳು. ಕುದುರೆ ಏರಿ ರೈಲಿನ ಪಕ್ಕ ಓಡಿಸ್ತಾಳೆ, ಡ್ರೈವರ್ ನಿಲ್ಲಿಸಲ್ಲ ಅಂದ್ರೆ ಮುಂದೆ ಹೋಗಿ ಹಳಿ ಮೇಲೆ ಸೊಂಟಕ್ಕೆ ಕೈ ಇಟ್ಕೊಂಡು ನಿಂತ್ಬಿಡ್ತಾಳೆ. ಚಕ್ರ, ಕುದುರೆ ಕಾಲು, ಅವಳ ಮುಖ, ಎಷ್ಟು ಚಕಚಕ ಕತ್ತರಿಸಿದಾರೆ ಆ ದೃಶ್ಯನ. ಹೆಚ್ಚಿನ ಸಿನಿಮಾಗಳಲ್ಲಿ ಹೀರೋ ಓಡ್ಬರ್ತಾನೆ, ಇಲ್ಲಿ ರೈಲು ನಿಲ್ಲಿಸೋಳು ಅವಳು.

ಅರ್ಧ_ಟಿಕೆಟ್:
ಅಜ್ಜಿ ವಿಷಯ ಓದಿ ಏನು ಹೇಳ್ಬೇಕೋ ತಿಳೀಲಿಲ್ಲ. ಡಾಕ್ಟರ್ ದೃಶ್ಯ ನಾನು ಬರೀ ಪೋಲಿ ಜೋಕ್ ಅನ್ಕೊಂಡಿದ್ದೆ, ಇನ್ನೊಮ್ಮೆ ನೋಡ್ತೀನಿ. ಜಿಂಕೆ ಬೇಟೆ ಮಾತ್ರ ನನಗೂ ತುಂಬಾ ಹಿಡಿಸ್ತು, ಅದನ್ನೂ ಹೇಳ್ಬೇಕು. ಬೇಟೆಗೆ ಹೋದ ಮಾರಿಸ್ ಜಿಂಕೆನ ಒಂದು ಗುಡಿಸಲಲ್ಲಿ ಬಚ್ಚಿಟ್ಟು, ಅದು ಮಲಗಿದೆ, ಸದ್ದು ಮಾಡದೆ ವಾಪಸ್ ಹೋಗಿ ಅಂತಾನೆ ಎಲ್ರಿಗೂ. ಅಷ್ಟೂ ಕುದುರೆ, ನಾಯಿ ಸ್ಲೋ ಮೋಷನ್‌ನಲ್ಲಿ ತೇಲ್ಕೊಂಡು ಹೋಗ್ತವೆ, ತುದಿಗಾಲಲ್ಲಿ ನಡೆದಂಗೆ.

ಶ್ರುತಿಪೆಟ್ಟಿಗೆ:
ಇಷ್ಟು ಒಳ್ಳೆ ಸಿನಿಮಾ ಯಾಕೆ ಮರೆತೋಯ್ತು ಅಂತ ಯಾರೋ ಕೇಳ್ತಾರೆ ಅಂತ ಕಾಯ್ತಿದ್ದೆ, ನಾನೇ ಹೇಳ್ತೀನಿ. ಟಾಕಿ ಬಂದ ಹುರುಪಲ್ಲಿ 1929, 30ರಲ್ಲಿ ಹಾಲಿವುಡ್‌ನವ್ರು ಮ್ಯೂಸಿಕಲ್ ಮೇಲೆ ಮ್ಯೂಸಿಕಲ್ ಸುರಿದ್ರು, ಜನಕ್ಕೆ ಬೇಜಾರಾಗಿ ಹೋಯ್ತು. ಮತ್ತೆ ಅಲೆ ಎದ್ದಿದ್ದು 1933ರಲ್ಲಿ 'ಫಾರ್ಟಿ ಸೆಕೆಂಡ್ ಸ್ಟ್ರೀಟ್' ಬಂದಾಗ, ಅದು ಬೇರೆ ಥರದ್ದು, ನೂರಾರು ಹುಡುಗೀರ ಕುಣಿತ. ಇದು ಆ ಎರಡರ ಮಧ್ಯದ ಬಿರುಕಲ್ಲಿ ಬಿತ್ತು. ಮೇಲಿಂದ ಆರ್ಥಿಕ ಕುಸಿತದ ಕಾಲ, ಪ್ಯಾರಾಮೌಂಟ್ ಕಂಪನಿನೇ 1933ರಲ್ಲಿ ದಿವಾಳಿ ಆಯ್ತು. ಆಮೇಲೆ ಹಳೇ ಪ್ಯಾರಾಮೌಂಟ್ ಸಿನಿಮಾಗಳೆಲ್ಲ ಬೇರೆಯವ್ರ ಕೈಗೆ ಹೋದ್ವು. ಶೆವಾಲಿಯೇ-ಜೆನೆಟ್ ಜೋಡಿ ಅಂದ್ರೆ ಜನ ಎರ್ನ್‌ಸ್ಟ್ ಲುಬಿಟ್ಷ್ ಮಾಡಿದ 'ಲವ್ ಪೆರೇಡ್', 'ಮೆರಿ ವಿಡೋ' ನೆನೆಸ್ಕೋತಾರೆ, ಇದನ್ನೂ ಲುಬಿಟ್ಷ್‌ದೇ ಅಂದ್ಕೊಂಡೋರೂ ಇದಾರೆ. 1990ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದ್ರೆ ಕಾಪಾಡಿ ಇಡಬೇಕಾದ ಸಿನಿಮಾಗಳ ಪಟ್ಟಿಗೆ, ಸೇರಿಸಿದ್ರು, ಡಿವಿಡಿ ಬರೋಕೆ 2003 ಆಯ್ತು. ಎಪ್ಪತ್ತೊಂದು ವರ್ಷ ಆಯ್ತಲ್ಲ ಅಲ್ಲಿಗೆ.

ಕಾಜಾ_ಗುಂಡಿ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೀತೀರಾ ಅಂತ ಗೊತ್ತಿರ್ಲಿಲ್ಲ. ಈ ಭಾನುವಾರ ಅಪ್ಪನ್ನ ಕೂರಿಸ್ಕೊಂಡು ನೋಡ್ದೆ. ಇಂಗ್ಲಿಷ್ ಬರಲ್ಲ ಅವ್ರಿಗೆ, ನಾನು ಪಕ್ಕದಲ್ಲಿ ಹೇಳ್ತಿದ್ದೆ, ಸ್ವಲ್ಪ ಹೊತ್ತಾದ್ಮೇಲೆ ಸುಮ್ನಿರು ಅಂದ್ರು. ಬೆಳಗಿನ ಶಬ್ದದ ದೃಶ್ಯಕ್ಕೆ ಮುಂದಕ್ಕೆ ಬಾಗಿ ಕೂತ್ರು, ನಮ್ಮ ಹಳೇ ಅಂಗಡಿ ಗಲ್ಲೀಲೂ ಬೆಳಿಗ್ಗೆ ಮೊದಲು ಚಪ್ಪಲಿ ಹೊಲಿಯೋರ ಸುತ್ತಿಗೆ, ಆಮೇಲೆ ನಮ್ಮ ಮಿಷನ್ನು ಅಂದ್ರು.

ರಾಜಕುಮಾರಿ ಕುದುರೆ ಸವಾರಿ ಡ್ರೆಸ್ ಚೆನ್ನಾಗಿಲ್ಲ ಅಂತ ಮಾರಿಸ್ ತಾನೇ ಅಳತೆ ತಗೊಂಡು ಹೊಸದು ಹೊಲಿದು ಕೊಡ್ತಾನಲ್ಲ, ಅದು ಅಷ್ಟು ಪರ್ಫೆಕ್ಟ್ ಆಗಿ ಕೂತಿದ್ದಕ್ಕೇ ಅವನು ಬ್ಯಾರನ್ ಅಲ್ಲ, ದರ್ಜಿ ಅಂತ ಬಯಲಾಗೋದು. ಅಲ್ಲಿ ಅಪ್ಪ ಮಾತೇ ಆಡ್ಲಿಲ್ಲ. ಆಮೇಲೆ ಇಡೀ ಅರಮನೆ, ಡ್ಯೂಕ್‌ನಿಂದ ಹಿಡಿದು ಅಡುಗೆಮನೆಯವ್ರ ತನಕ, ಇವನು ಬರೀ ಒಬ್ಬ ದರ್ಜಿ ಅಂತ ಹಾಡ್ತಾರೆ. ಕೆಲಸದವ್ರಿಗೂ ಅವಮಾನ, ಒಬ್ಬ ದರ್ಜಿಗೆ ಕೈಮುಗಿದ್ವಲ್ಲಾ ಅಂತ. ಅಪ್ಪ ಅಷ್ಟೊತ್ತಿಗೆ, ಕೆಲಸ ಚೆನ್ನಾಗಿ ಮಾಡಿ ಸಿಕ್ಕಾಕ್ಕೊಂಡ ನೋಡು, ಕೆಟ್ಟದಾಗಿ ಹೊಲಿದಿದ್ರೆ ಬಚಾವಾಗ್ತಿದ್ದ, ಆದ್ರೆ ಕೈ ಕೇಳಲ್ಲ ಕಣೋ ಅಂದ್ರು. ನಾನು ಮೂರು ಸಲ ನೋಡಿದ್ರೂ ಅದು ಹೊಳೆದಿರ್ಲಿಲ್ಲ.

ಕೊನೇಲಿ ಆ ಮೂವರು ಮುದುಕಿ ಅತ್ತೆಯರು ಹೊಲಿಗೆ ಹಿಡ್ಕೊಂಡು ಕಥೆ ಮುಗಿಸ್ತಾರಲ್ಲ, ಅದೂ ಆಯ್ತು, ಟಿವಿ ಆಫ್ ಮಾಡ್ದೆ. ಅಪ್ಪ ಕನ್ನಡಕ ತೆಗೆದು ಒರೆಸ್ಕೋತಾ ಕೇಳಿದ್ರು, ಎಲ್ಲಾ ಸರಿ, ಆ ಸೂಟಿಂದು ಬಾಕಿ ದುಡ್ಡು ಕೊಟ್ರಾ?

ಹುಬ್ಬಳ್ಳಿ_ಗಾಡಿ:
ಅಪ್ಪಾಜಿಗೆ ನನ್ನ ನಮಸ್ಕಾರ ಹೇಳ್ರಿ. ನಮ್ಮಜ್ಜನೂ ಅದನ್ನೇ ಕೇಳ್ತಿದ್ರು.